ಮೊದಲು ಖಾಲಿ ಇಳಿಸಿ

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಲ್ಲಿ ಸಬ್‌ಮರೀನ್ ಬಗ್ಗೆ ಭಾಷಣ ಅಂದರೆ ನಗು ಬರುವುದು ಸಹಜ. ಸಮುದ್ರ ಇರುವುದು ಘಟ್ಟದ ಕೆಳಗೆ, ಅಲ್ವಾ? ಆದರೆ ನಮ್ಮಲ್ಲಿ ಫೌಂಡ್ರಿಗಳಿವೆ, ಕೈ ಪಳಗಿದ ವೆಲ್ಡರ್‌ಗಳಿದ್ದಾರೆ, ಲಿಂಗನಮಕ್ಕಿಯಷ್ಟು ನೀರಿದೆ. ಒಬ್ಬಿಬ್ಬರು ಕೂರುವ ಸಬ್‌ಮರೀನನ್ನು ಶೆಡ್ಡಿನಲ್ಲೇ ಕಟ್ಟುವ ಹವ್ಯಾಸಿಗಳು ಅಮೆರಿಕದಲ್ಲಿ ಬಹಳ ಕಾಲದಿಂದ ಇದ್ದಾರೆ. ಅಲ್ಲಿಯ ಕೆ-250, ಕೆ-350 ಎಂಬ ಮಾದರಿಗಳ ಹೆಸರಲ್ಲೇ ಆಳ ಇದೆ: 250 ಅಡಿ, 350 ಅಡಿ. ಇಲ್ಲಿಯ ಹುಡುಗರೂ ಇವತ್ತಲ್ಲ ನಾಳೆ ಕಟ್ಟುತ್ತಾರೆ. ಅದಕ್ಕೇ ಇವತ್ತು ಒಂದೇ ವಿಷಯ: ಎಷ್ಟು ಆಳ ಹೋಗಬಹುದು, ಅದು ನಮಗೆ ಗೊತ್ತಾಗುವುದು ಹೇಗೆ?

ತೋಟ ಇರುವವರಿಗೆ ಒತ್ತಡ ಹೊಸದಲ್ಲ. ಅಂಗಡಿಯಲ್ಲಿ "4 ಕೆಜಿ ಪೈಪು ಬೇಡ, 6 ಕೆಜಿಯದ್ದು ಕೊಡಿ" ಅಂತೀರಲ್ಲ, ಅದೇ ಲೆಕ್ಕ. 10 ಮೀಟರ್ ನೀರಿಗೆ ಚದರ ಸೆಂಟಿಮೀಟರಿಗೆ ಸುಮಾರು 1 ಕೆಜಿ. 30 ಮೀಟರಿಗೆ 3 ಕೆಜಿ. ಕೇಳಲು ಸಣ್ಣದು. ಆದರೆ 60 ಸೆಂಟಿಮೀಟರ್ ಅಗಲದ ಮುಚ್ಚಳದ ಮೇಲೆ ಅದು ಎಂಟೂವರೆ ಟನ್ ಆಗುತ್ತದೆ.

ಪೈಪಿನಲ್ಲಿ ಒತ್ತಡ ಒಳಗಿನಿಂದ. ಪೈಪು ಸ್ವಲ್ಪ ಚಪ್ಪಟೆ ಇದ್ದರೂ ನೀರೇ ಅದನ್ನು ಗುಂಡಗೆ ಮಾಡುತ್ತದೆ. ಸಬ್‌ಮರೀನಿನಲ್ಲಿ ಉಲ್ಟಾ. ಎಲ್ಲಿ ತಗ್ಗಿದೆಯೋ ಅಲ್ಲೇ ನೀರು ಇನ್ನಷ್ಟು ಒತ್ತುತ್ತದೆ. ತಗ್ಗು ಜಾಸ್ತಿಯಾದಷ್ಟೂ ಬಲ ಕಡಿಮೆ, ಬಲ ಕಡಿಮೆಯಾದಷ್ಟೂ ತಗ್ಗು ಜಾಸ್ತಿ. ಕೊನೆಗೆ ಕಣ್ಣು ಮಿಟುಕಿಸುವಷ್ಟರಲ್ಲಿ ಒಳಕ್ಕೆ ಕುಸಿಯುತ್ತದೆ. ಇದೇ ಬಕ್ಲಿಂಗ್. ಉಕ್ಕು ಎಷ್ಟೇ ಗಟ್ಟಿ ಇರಲಿ, ಮೊದಲು ಸೋಲುವುದು ಆಕಾರ. ಒಳಗೆ ರಿಂಗ್ ಇಲ್ಲದ ಉದ್ದ ಸಿಲಿಂಡರ್ ತಡೆಯುವ ಒತ್ತಡ ಪ್ಲೇಟಿನ ದಪ್ಪದ ಘನಕ್ಕೆ ತಕ್ಕಂತೆ ಇಳಿಯುತ್ತದೆ. 6 ಎಂಎಂ ಪ್ಲೇಟು ತುಕ್ಕು ಹಿಡಿದು 5 ಆಯಿತು ಅನ್ನಿ, ಹೋದದ್ದು ಆರರಲ್ಲಿ ಒಂದು ಪಾಲಲ್ಲ, ನೂರಕ್ಕೆ ನಲವತ್ತಕ್ಕಿಂತ ಜಾಸ್ತಿ! ರಿಂಗ್ ಹಾಕುವುದು ಇದಕ್ಕೇ.

ಇನ್ನೊಂದು ತೊಂದರೆ ಇದೆ. ಪುಸ್ತಕದ ಸರಳ ಸೂತ್ರಕ್ಕೆ ಸಿಲಿಂಡರ್ ಅಪ್ಪಟ ಗುಂಡು. ರೋಲಿಂಗ್ ಮಷಿನ್ನಿಗೆ ಕೊಟ್ಟವರಿಗೆ ಗೊತ್ತು, ಪ್ಲೇಟಿನ ಎರಡು ತುದಿ ಪೂರ್ತಿ ಬಾಗುವುದಿಲ್ಲ. ಜೋಡಿಸಿ ವೆಲ್ಡ್ ಮಾಡಿದ ಕಡೆ ಚಪ್ಪಟೆ ಉಳಿಯುತ್ತದೆ. ಹಾಗಾಗಿ ಮೊದಲು ಮರದ ಟೆಂಪ್ಲೇಟ್ ಹಿಡಿದು ಸುತ್ತಲೂ ಅಳೆಯಿರಿ. ಬಣ್ಣ ಆಮೇಲೆ.

ಈಗ ಓಡಾಡುವ ಆಳಕ್ಕೂ ಕುಸಿಯುವ ಆಳಕ್ಕೂ ನಡುವಿನ ಅಂತರದ ವಿಷಯ. ಅಮೆರಿಕದ ನೌಕಾಪಡೆ ತನ್ನ ಸಬ್‌ಮರೀನನ್ನು ಲೆಕ್ಕದ ಕುಸಿತದ ಆಳದ ಮೂರನೇ ಎರಡರವರೆಗೆ ಇಳಿಸಿ ಪರೀಕ್ಷೆ ಮಾಡುತ್ತದೆ. ಜರ್ಮನಿಯವರದ್ದು ಅರ್ಧ. ಅವರಲ್ಲಿ ಪ್ರತಿ ವೆಲ್ಡಿಗೂ ತಪಾಸಣೆ ಇದೆ. ಶೆಡ್ಡಿನಲ್ಲಿ ಕಟ್ಟುವವರು ಮೂರನೇ ಒಂದಕ್ಕೆ ನಿಲ್ಲಿಸಬೇಕು ಅನ್ನುವುದು ನನ್ನ ಅಭಿಪ್ರಾಯ. 30 ಮೀಟರ್ ಓಡಾಡಲು 90 ಮೀಟರಿನ ಲೆಕ್ಕ ಇರಲಿ. ಉಳಿದ 60 ಮೀಟರ್ ಸುಮ್ನೆ ಬಿಟ್ಟದ್ದಲ್ಲ. ವೆಲ್ಡಿನ ದೋಷ, ಚಪ್ಪಟೆಯಾದ ಜಾಗ, ಗೇಜಿನ ತಪ್ಪು ಎಲ್ಲ ಅದರಲ್ಲೇ ಖರ್ಚಾಗುತ್ತದೆ. ಮೇಲೆ ನಿಲ್ಲಲಾಗದೆ ಜಾರುವುದೂ ಇದೆ. ಮುಳುಗಲು ನೀರು, ಮೇಲೇಳಲು ಗಾಳಿ ತುಂಬುವ, ತಳ ತೆರೆದ ಬ್ಯಾಲಸ್ಟ್ ಟ್ಯಾಂಕಿನಲ್ಲಿ ಉಳಿದ ಗಾಳಿ 10 ಮೀಟರಿಗೇ ಅರ್ಧ ಕುಗ್ಗುತ್ತದೆ. ಇಳಿದಷ್ಟೂ ಸಬ್‌ಮರೀನ್ ಭಾರ, ಭಾರವಾದಷ್ಟೂ ಇಳಿತ. 1963ರ ಏಪ್ರಿಲ್ 10ರಂದು ಅಮೆರಿಕದ ಥ್ರೆಶರ್ ಎಂಬ ಸಬ್‌ಮರೀನ್ ಆಳದ ಪರೀಕ್ಷೆಗೆ ಹೋಗಿತ್ತು. ಟ್ಯಾಂಕಿಗೆ ಗಾಳಿ ಊದಿ ಮೇಲೇಳಲು ಆಗಲಿಲ್ಲ. ಇಳಿಯುತ್ತಲೇ ಹೋಗಿ ಮಿತಿ ದಾಟಿತು. 129 ಜನ ಹೋದರು.

ಹಾಗಾಗಿ ಪರೀಕ್ಷೆಯಲ್ಲಿ ಒಳಗೆ ಯಾರೂ ಬೇಡ. ಮುಚ್ಚಳ ಬಿಗಿದು, ಒಳಗೆ ಭಾರ ಕಟ್ಟಿ, ತೇಲುವ ವೇದಿಕೆಯಿಂದ ವಿಂಚಿನಲ್ಲಿ ಇಳಿಸಿ. ಪ್ರತಿ 5 ಮೀಟರಿಗೆ ನಿಲ್ಲಿಸಿ ಸ್ಟ್ರೇನ್ ಗೇಜ್ (ಒತ್ತಡಕ್ಕೆ ಗೋಡೆ ಎಷ್ಟು ಕುಗ್ಗಿತು ಅಂತ ಅಳೆಯುವ ಪಟ್ಟಿ) ಓದಿ. ಆಳ ಅಡ್ಡಕ್ಕೆ, ಸ್ಟ್ರೇನ್ ನೇರಕ್ಕೆ ಹಾಕಿದರೆ ಗೆರೆ ನೆಟ್ಟಗಿರಬೇಕು. ಗೆರೆ ಬಾಗಲು ಶುರುವಾದರೆ ಅಲ್ಲಿಗೇ ನಿಲ್ಲಿಸಿ ಮೇಲೆತ್ತಿ. ಓಡಾಡುವ ಆಳದ ಒಂದೂಕಾಲು ಪಟ್ಟು, ಅಂದರೆ 37.5 ಮೀಟರಿನಲ್ಲಿ ಒಂದು ಗಂಟೆ ಇಟ್ಟು ಎತ್ತಿ. ಗೇಜ್ ಸೊನ್ನೆಗೆ ಮರಳಿತೇ ನೋಡಿ. ಮರಳದಿದ್ದರೆ ಎಲ್ಲೋ ಶಾಶ್ವತವಾಗಿ ಬಾಗಿದೆ, ಹುಡುಕಿ.

ಜಾಗ ಎಲ್ಲಿ? ಲಿಂಗನಮಕ್ಕಿ ಅಣೆಕಟ್ಟೆಯ ಎತ್ತರ 193 ಅಡಿ, ಸುಮಾರು 59 ಮೀಟರ್. ಹಾಗಾಗಿ ಅಣೆಕಟ್ಟೆಯ ಕಡೆ ಪರೀಕ್ಷೆಗೆ ಬೇಕಾದಷ್ಟು ಆಳ ಸಿಗುತ್ತದೆ, ವಿದ್ಯುತ್ ನಿಗಮದ ಅನುಮತಿ ಸಿಕ್ಕರೆ. ಆದರೆ ಜನ ಕೂತು ಓಡಾಡುವುದು ಅಲ್ಲಿ ಬೇಡ. ತಳವೇ 30 ಮೀಟರಿಗಿಂತ ಕಡಿಮೆ ಆಳದಲ್ಲಿರುವ ಕಡೆ ಓಡಾಡಿ. ಆಗ ಮುಳುಗಿ ತಳ ಮುಟ್ಟಿದರೂ ಗೋಡೆ ತಡೆಯುತ್ತದೆ. ಶರಾವತಿ ಹಿನ್ನೀರಿನಲ್ಲಿ ಮುಳುಗಿದ ಮರದ ಬೊಡ್ಡೆಗಳಿವೆ. ಮಡೆನೂರಿನ ಹಳೆಯ ಅಣೆಕಟ್ಟೆಯೂ ಅಲ್ಲೇ ನೀರಿನಡಿ ಇದೆ. ಸಿಕ್ಕಿಹಾಕಿಕೊಂಡರೆ ಲೆಕ್ಕ ಯಾವುದೂ ಉಪಯೋಗಕ್ಕೆ ಬರುವುದಿಲ್ಲ.

ಒಮ್ಮೆ ಪಾಸಾದರೆ ಮುಗಿಯಿತೇ? 2023ರ ಜೂನ್‌ನಲ್ಲಿ ಟೈಟಾನಿಕ್ ನೋಡಲು ಹೊರಟ ಟೈಟನ್ ಐದು ಜನರೊಂದಿಗೆ ಕುಸಿಯಿತಲ್ಲ, ಅದು ಹಿಂದೆ ಅಷ್ಟೇ ಆಳಕ್ಕೆ ಹೋಗಿ ಬಂದಿತ್ತು. ಅದರ ಕಾರ್ಬನ್ ಫೈಬರ್ ಗೋಡೆ ಮುಳುಗಿದಂತೆಲ್ಲ ಒಳಗೊಳಗೇ ಸವೆಯುತ್ತಿತ್ತು. ಉಕ್ಕಿಗೆ ತುಕ್ಕಿದೆ. ಅಕ್ರಿಲಿಕ್ ಕಿಟಕಿಗೆ ಸಾಮಾನ್ಯವಾಗಿ 10 ವರ್ಷದ ಆಯಸ್ಸು. ಮಳೆಗಾಲ ಮುಗಿದ ಮೇಲೆ ಪ್ರತಿ ವರ್ಷ ಅಲ್ಟ್ರಾಸೋನಿಕ್ ಗೇಜಿನಲ್ಲಿ ದಪ್ಪ ಅಳೆದು, ಹೊಸ ದಪ್ಪಕ್ಕೆ ಹೊಸ ಲೆಕ್ಕ ಮಾಡಿ. ಬಂದ ಕುಸಿತದ ಆಳದ ಮೂರನೇ ಒಂದು 28 ಮೀಟರ್ ಆದರೆ ಆಳದ ಗೇಜಿನ ಕೆಂಪು ಗೆರೆಯನ್ನು 28ಕ್ಕೇ ಎಳೆಯಿರಿ.

ಬೋರ್ಡಿನ ಮೇಲಿನ ಲೆಕ್ಕ ಅಳಿಸಿಲ್ಲ. ಯಾರಿಗಾದರೂ ಸಂಶಯ ಇದ್ದರೆ ಕೇಳಿ.