ಒರೆಸಿದ ಸ್ಲೇಟನ್ನು ಯಾರೂ ನೋಡಲ್ಲ

ನಮಸ್ಕಾರ ಗೆಳೆಯರೇ. ಇವತ್ತು ಅವಿಭಾಜ್ಯ ಸಂಖ್ಯೆಗಳ ಬಗ್ಗೆ ಮಾತಾಡಬೇಕಿತ್ತು, ಸ್ಕ್ರಿಪ್ಟೂ ರೆಡಿ ಇತ್ತು. ಆದರೆ ಹೋದ ವಿಡಿಯೋದ ಕೆಳಗೆ ಒಬ್ಬರು ಬರೆದಿದ್ದಾರೆ: "ಗಣಿತ ಹುಟ್ಟಿನಿಂದಲೇ ಬರಬೇಕು ಸರ್. ನನ್ನ ಮಗಳಿಗೆ ಬಂದಿಲ್ಲ. ಸುಮ್ನೆ ಯಾಕೆ ಒದ್ದಾಡಿಸೋದು?" ಆ ಮಗುವಿಗೆ 11 ವರ್ಷವಂತೆ. ಇದನ್ನು ಓದಿದ ಮೇಲೆ ಬೇರೆ ಮಾತಾಡಲು ಮನಸ್ಸೇ ಬರಲಿಲ್ಲ. ಅವಿಭಾಜ್ಯ ಸಂಖ್ಯೆಗಳು ಎಲ್ಲೂ ಓಡಿಹೋಗುವುದಿಲ್ಲ, ಮುಂದಿನ ವಾರ ನೋಡೋಣ.

ನಾನು ಹೇಳುವುದು ಇಷ್ಟೇ. ಗಣಿತ ಕೂತು ಮಾಡುವ ಕೆಲಸ. ತಪ್ಪು ಮಾಡಿ, ಒರೆಸಿ, ಮತ್ತೆ ಮಾಡುವ ಕೆಲಸ.

"ಹಾಗಾದರೆ ರಾಮಾನುಜನ್?" ಅಂತ ಕೇಳುತ್ತೀರಿ, ಗೊತ್ತು. ನಾಮಗಿರಿ ದೇವಿ ಕನಸಿನಲ್ಲಿ ಸೂತ್ರ ಕೊಡುತ್ತಾಳೆ ಅಂತ ಅವರೇ ಹೇಳುತ್ತಿದ್ದರು. ಅವರ ನಂಬಿಕೆ ಅವರದು, ನನ್ನ ತಕರಾರಿಲ್ಲ. ಆದರೆ ಸ್ಲೇಟಿನ ಕಥೆಯನ್ನು ಯಾಕೆ ಯಾರೂ ಹೇಳುವುದಿಲ್ಲ? ಕಾಗದಕ್ಕೆ ದುಡ್ಡಿಲ್ಲ. ಸ್ಲೇಟಿನ ಮೇಲೆ ಲೆಕ್ಕ ಹಾಕುತ್ತಿದ್ದರು. ಬಟ್ಟೆ ಹುಡುಕುವಷ್ಟು ಪುರುಸೊತ್ತೂ ಇಲ್ಲ, ಮೊಣಕೈಯಲ್ಲೇ ಒರೆಸಿ ಮುಂದಿನ ಸಾಲು ಬರೆಯುತ್ತಿದ್ದರು. ಒರೆಸಿ ಒರೆಸಿ ಮೊಣಕೈ ಕಪ್ಪಾಗಿ ಒರಟಾಗಿತ್ತು. ನೋಟ್‌ಬುಕ್ಕಿಗೆ ಹೋಗುತ್ತಿದ್ದದ್ದು ಹೆಚ್ಚಾಗಿ ಕೊನೆಯ ಉತ್ತರ ಮಾತ್ರ. ನಮ್ಮ ಕೈಗೆ ಸಿಕ್ಕಿದ್ದು ಆ ನೋಟ್‌ಬುಕ್. ಸ್ಲೇಟು ಅಳಿಸಿಹೋಯಿತು. ಅದಕ್ಕೇ ಅಲ್ವಾ ನಮಗೆ ಅದು ಪವಾಡದ ಥರ ಕಾಣುವುದು?

ಹೊಸಬರಿದ್ದರೆ ಸಬ್‌ಸ್ಕ್ರೈಬ್ ಮಾಡಿ. ಈ ಚಾನೆಲ್‌ನಲ್ಲಿ ಗಣಿತಕ್ಕೆ ಯಾರೂ ಹೆದರಬೇಕಾಗಿಲ್ಲ.

ಒಂದು ಸಣ್ಣ ಲೆಕ್ಕ ಮಾಡೋಣ. 4 ಅನ್ನು ಕೂಡುವ ಸಂಖ್ಯೆಗಳಾಗಿ ಎಷ್ಟು ಥರ ಒಡೆಯಬಹುದು? 4 ಹಾಗೇ ಇರಬಹುದು. 3+1 (1+3 ಅಂದರೂ ಅದೇ, ಬೇರೆ ಎಣಿಸಬೇಡಿ). 2+2. 2+1+1. 1+1+1+1. ಒಟ್ಟು ಐದು. ಮಕ್ಕಳಾಟ ಅನಿಸುತ್ತದೆ. ಈಗ 200 ಅನ್ನು ಒಡೆಯಿರಿ. ಉತ್ತರ 39,72,99,90,29,388. ಅಂದರೆ ಸುಮಾರು 3 ಲಕ್ಷ 97 ಸಾವಿರ ಕೋಟಿ! ಈ ಲೆಕ್ಕಕ್ಕೆ ರಾಮಾನುಜನ್ ಮತ್ತು ಇಂಗ್ಲೆಂಡಿನ ಗಣಿತಜ್ಞ ಹಾರ್ಡಿ ಸೇರಿ ಒಂದು ಅದ್ಭುತ ಸೂತ್ರ ಕಂಡುಹಿಡಿದರು, 1918ರಲ್ಲಿ ಅದು ಪ್ರಕಟವಾಯಿತು. ಸೂತ್ರ ಸರಿಯೋ ಇಲ್ಲವೋ ಅಂತ ತಾಳೆ ನೋಡಬೇಕಲ್ಲ? ಪರ್ಸಿ ಮ್ಯಾಕ್‌ಮಹೋನ್ ಅನ್ನುವವರು 1ರಿಂದ 200ರವರೆಗೆ ಒಂದೊಂದು ಸಂಖ್ಯೆಗೂ ಕೈಯಲ್ಲೇ ಲೆಕ್ಕ ಹಾಕಿ ಪಟ್ಟಿ ಮಾಡಿದರು. ಕಂಪ್ಯೂಟರ್ ಇಲ್ಲದ ಕಾಲ. ಎಲ್ಲೋ ಒಂದು ಕಡೆ ಕೂಡುವುದು ತಪ್ಪಿದರೆ ಅಲ್ಲಿಂದ ಮುಂದಿನದೆಲ್ಲ ಹಾಳು. ಸೂತ್ರ ಮತ್ತು ಪಟ್ಟಿ ತಾಳೆಯಾದವು. ಹೇಳಿ, ಈ ಪಟ್ಟಿಯೂ ಹುಟ್ಟಿನಿಂದ ಬಂತಾ?

"ಫ್ರಾನ್ಸಿನ ಗಣಿತಜ್ಞ ಗಲ್ವಾ 20ನೇ ವಯಸ್ಸಿಗೆ, ಸಾಯುವ ಹಿಂದಿನ ಒಂದೇ ರಾತ್ರಿಯಲ್ಲಿ ಎಲ್ಲ ಬರೆದುಬಿಟ್ಟ" ಅಂತ ಇನ್ನೊಬ್ಬರು ವಾದ ಮಾಡಿದರು. ಸುಳ್ಳು! ಸಮೀಕರಣಗಳ ಬಗ್ಗೆ ಬರೆದ ತನ್ನ ಮುಖ್ಯ ಲೇಖನವನ್ನು ಅವನು ಮೊದಲೇ ಪ್ಯಾರಿಸ್ಸಿನ ಅಕಾಡೆಮಿಗೆ ಕೊಟ್ಟಿದ್ದ, 1831ರಲ್ಲಿ ಅದು ತಿರಸ್ಕಾರವಾಗಿತ್ತು. 1832ರ ಆ ರಾತ್ರಿ ಕೂತು ಅದನ್ನೇ ತಿದ್ದಿದ, ಗೆಳೆಯನಿಗೆ ಕಾಗದ ಬರೆದ. ಬೆಳಗ್ಗೆ ಪಿಸ್ತೂಲಿನ ದ್ವಂದ್ವಯುದ್ಧ ಇತ್ತು. ನಾಳೆ ಗುಂಡೇಟು ಬೀಳಬಹುದು ಅಂತ ಗೊತ್ತಿದ್ದವನು ಕೂತು ತಿದ್ದುತ್ತಿದ್ದಾನೆ ಕಣ್ರೀ! ಇದನ್ನು ಮ್ಯಾಜಿಕ್ ಅನ್ನುತ್ತೀರಾ?

ಗಣಿತಜ್ಞ ಆಂಡ್ರ್ಯೂ ವೈಲ್ಸ್ ಫರ್ಮಾನ ಕೊನೆಯ ಪ್ರಮೇಯವನ್ನು, ಅಂದರೆ ಮುನ್ನೂರಕ್ಕೂ ಹೆಚ್ಚು ವರ್ಷ ಯಾರಿಗೂ ಬಗ್ಗದ ಒಂದು ಗಣಿತದ ಸವಾಲನ್ನು, ಲೈಬ್ರರಿಯ ಪುಸ್ತಕವೊಂದರಲ್ಲಿ ಮೊದಲು ನೋಡಿದಾಗ ಅವರಿಗೆ 10 ವರ್ಷ. ದೊಡ್ಡವರಾದ ಮೇಲೆ 7 ವರ್ಷ ಹೆಚ್ಚುಕಡಿಮೆ ಯಾರಿಗೂ ಹೇಳದೆ ಅದರ ಹಿಂದೆ ಬಿದ್ದರು. 1993ರ ಜೂನ್‌ನಲ್ಲಿ ಕೇಂಬ್ರಿಡ್ಜ್‌ನಲ್ಲಿ ಅದರ ಪುರಾವೆ ಮಂಡಿಸಿದರು, ಜಗತ್ತೆಲ್ಲ ಚಪ್ಪಾಳೆ. ಆಮೇಲೆ ಅದರಲ್ಲಿ ಒಂದು ತೂತು ಸಿಕ್ಕಿತು. ಎಲ್ಲರ ಕಣ್ಣೆದುರು. ಅವರು ಮತ್ತೆ ಕೂತರು. ತಮ್ಮ ಹಳೆಯ ಶಿಷ್ಯ ರಿಚರ್ಡ್ ಟೇಲರ್ ಜೊತೆ ಕೂತರು. ತೂತು ಮುಚ್ಚಿದ್ದು 1994ರ ಸೆಪ್ಟೆಂಬರ್‌ನಲ್ಲಿ. ಒದ್ದಾಟ ಅಂದರೆ ಇದು! ಗಣಿತ ಅಂದರೂ ಇದೇ!

"ಪ್ರತಿಭೆ ಬೇಡವಾ ಹಾಗಾದರೆ?" ಇರಲಿ ಬಿಡಿ, ಯಾರು ಬೇಡ ಅಂದರು. 11 ವರ್ಷದ ಮಗುವಿನಲ್ಲಿ ಅದು ಇಲ್ಲ ಅಂತ ನೀವು ಯಾವ ತಕ್ಕಡಿಯಲ್ಲಿ ತೂಗಿದಿರಿ?

ಮರಿಯಂ ಮಿರ್ಜಾಖಾನಿ. ಈ ಹೆಸರನ್ನು ಬರೆದಿಟ್ಟುಕೊಳ್ಳಿ. ಇರಾನಿನ ಹುಡುಗಿ. ಮಿಡ್ಲ್ ಸ್ಕೂಲಿನ ಮೊದಲ ವರ್ಷ ಇವಳಿಗೆ ಗಣಿತದಲ್ಲಿ ಅಂಥ ಪ್ರತಿಭೆ ಇಲ್ಲ ಅಂತ ಟೀಚರ್‌ಗೆ ಅನಿಸಿತ್ತು. ಅವಳಿಗೂ ಆಸಕ್ತಿ ಹೋಗಿತ್ತು. ಮುಂದಿನ ವರ್ಷ ಬೇರೆ ಟೀಚರ್ ಬಂದು ಹುರಿದುಂಬಿಸಿದರು. 2014ರಲ್ಲಿ ಗಣಿತದ ಅತಿ ದೊಡ್ಡ ಪ್ರಶಸ್ತಿಗಳಲ್ಲೊಂದಾದ ಫೀಲ್ಡ್ಸ್ ಪದಕ ಗೆದ್ದ ಮೊದಲ ಮಹಿಳೆ ಅವರೇ. ನೆಲದ ಮೇಲೆ ದೊಡ್ಡ ದೊಡ್ಡ ಹಾಳೆ ಹರಡಿಕೊಂಡು, ಒಂದೇ ಚಿತ್ರವನ್ನು ಮತ್ತೆ ಮತ್ತೆ ಬಿಡಿಸುತ್ತಾ ಯೋಚಿಸುತ್ತಿದ್ದರು. ಅಮ್ಮ ಪೇಂಟಿಂಗ್ ಮಾಡುತ್ತಿದ್ದಾಳೆ ಅಂತ ಅವರ ಪುಟ್ಟ ಮಗಳು ಅಂದುಕೊಂಡಿದ್ದಳು. 2017ರಲ್ಲಿ, 40ನೇ ವಯಸ್ಸಿಗೇ ಹೋಗಿಬಿಟ್ಟರು. ಇದನ್ನು ಹೇಳುವಾಗ ಪ್ರತಿ ಸಲವೂ ನನಗೆ ಗಂಟಲು ಕಟ್ಟುತ್ತದೆ.

ಇನ್ನೂ ಎರಡು ಹೆಸರು ಬರೆದಿಟ್ಟಿದ್ದೆ. ಬೇಡ, ಸಾಕು. ಕೂತು ಮಾಡುವ ಕೆಲಸ ಅಂದೆ, ಕೂತು ಮಾಡುವ ಕೆಲಸ, ಅಷ್ಟೇ!

ಕಾಮೆಂಟ್ ಬರೆದವರೇ, ಈ ವಿಡಿಯೋ ಮಗಳ ಜೊತೆ ನೋಡಿ. ಒಂದು ಸ್ಲೇಟು ಕೊಡಿಸಿ. 5 ಅನ್ನು ಎಷ್ಟು ಥರ ಒಡೆಯಬಹುದು ಅಂತ ಕೇಳಿ. 7 ಬರಬೇಕು. 6 ಬಂದರೆ ಒಂದನ್ನು ಎಲ್ಲೋ ಬಿಟ್ಟಿದ್ದಾಳೆ, ಅವಳೇ ಹುಡುಕಲಿ. ನೀವು ಬಾಯಿ ಬಿಡಬೇಡಿ. ಎಷ್ಟು ಹೊತ್ತು ಹಿಡಿಯಿತು ಅಂತ ಕೆಳಗೆ ಬರೆಯಿರಿ, ಕಾಯುತ್ತಿರುತ್ತೇನೆ.