ಜಾಗ ಹೇಳಿ, ಹೆಸರು ಬೇಡ

ಎಲ್ಲರಿಗೂ ನಮಸ್ಕಾರ. ಸಿಕ್ಕಿರೋ ಟೈಮ್ ಕಮ್ಮಿ, ಅದಕ್ಕೆ ಒಂದೇ ಮಾತು ಹೇಳ್ತೀನಿ, ಹೇಳಿದ್ದನ್ನೇ ಮತ್ತೆ ಮತ್ತೆ ಹೇಳಿದ್ರೆ ಬೇಜಾರ್ ಮಾಡ್ಕೋಬೇಡಿ. ಅಂಟುರೋಗ ಹರಡೋವಾಗ ಸರ್ಕಾರ ಜಾಗ ಹೇಳ್ಬೇಕು, ಹೊತ್ತು ಹೇಳ್ಬೇಕು, ಯಾರು ಅಂತ ಗೊತ್ತಾಗೋ ಹಾಗೆ ಹೇಳಬಾರ್ದು. ಅಷ್ಟೇ.

ಇದನ್ನ ಪೆಟ್ಟು ತಿಂದು ಕಲಿತೋರು ದಕ್ಷಿಣ ಕೊರಿಯಾದವ್ರು. 2015ರಲ್ಲಿ ಅಲ್ಲಿಗೆ ಮೆರ್ಸ್ ಅನ್ನೋ ಉಸಿರಾಟದ ಅಂಟುರೋಗ ಬಂತು, ಹೆಚ್ಚಾಗಿ ಆಸ್ಪತ್ರೆಗಳ ಒಳಗೇ ಹರಡ್ತಿತ್ತು, ಆದ್ರೆ ಯಾವ ಆಸ್ಪತ್ರೆ ಅಂತ ಸರ್ಕಾರ ಎರಡು ವಾರ ಕಳೆದ್ರೂ ಬಾಯಿ ಬಿಡ್ಲಿಲ್ಲ. ಬಾಯಿ ಮುಚ್ಕೊಂಡಿದ್ರೆ ಜನರ ಭಯ ಕಮ್ಮಿ ಆಗತ್ತೇನ್ರಿ? ಜನ ತಾವೇ ಆಸ್ಪತ್ರೆಗಳ ಪಟ್ಟಿ ಮಾಡಿ ಹಂಚೋಕೆ ಶುರು ಮಾಡಿದ್ರು. ಕೊನೆಗೆ 186 ಜನಕ್ಕೆ ಸೋಂಕು, 38 ಸಾವು. ಆಮೇಲೆ ಕಾನೂನೇ ಬದಲಾಯ್ತು, ಸೋಂಕಿತರು ಎಲ್ಲೆಲ್ಲಿ ಓಡಾಡಿದ್ರು ಅಂತ ಸರ್ಕಾರ ಜನಕ್ಕೆ ತಿಳಿಸ್ಲೇಬೇಕು ಅಂತ.

ಸರಿ, 2020ರಲ್ಲಿ ಕೊರೋನಾ ಬಂತು, ಈ ಸಲ ಪೂರ್ತಿ ಉಲ್ಟಾ. ಹೆಸರು ಹಾಕ್ಲಿಲ್ಲ, ನಿಜ, ಆದ್ರೆ ವಯಸ್ಸು, ಗಂಡೋ ಹೆಣ್ಣೋ, ಎಷ್ಟೊತ್ತಿಗೆ ಯಾವ ಅಂಗಡಿ, ಯಾವ ಥಿಯೇಟರು, ಎಲ್ಲಾ ಊರೋರ ಮೊಬೈಲಿಗೆ ಮೆಸೇಜ್. ಇಷ್ಟು ಕೊಟ್ಮೇಲೆ ಹೆಸರು ಯಾಕ್ರೀ ಬೇಕು, ಪಕ್ಕದ್ಮನೆಯೋರೇ ಕಂಡುಹಿಡೀತಾರೆ! ಅವ್ನು ಅಲ್ಲಿಗ್ಯಾಕೆ ಹೋದ, ಜೊತೇಲಿದ್ದೋಳು ಯಾರು, ಅಂತ ಗುಸುಗುಸು. ಅಲ್ಲಿನ ಮಾನವ ಹಕ್ಕು ಆಯೋಗವೇ ಇದು ಅತಿಯಾಯ್ತು ಅಂತು, ಮಾರ್ಚಲ್ಲಿ ನಿಯಮ ಬಿಗಿ ಮಾಡಿದ್ರು. ಮೇ ತಿಂಗಳಲ್ಲಿ ಸಿಯೋಲ್‌ನ ಇಟೇವಾನ್ ಅನ್ನೋ ಕಡೆ ನೈಟ್‌ಕ್ಲಬ್ಬುಗಳಲ್ಲಿ ಸೋಂಕು ಕಾಣಿಸ್ತು, ಅದ್ರಲ್ಲಿ ಕೆಲವು ಸಲಿಂಗಿಗಳು ಸೇರೋ ಜಾಗ, ಗುಟ್ಟು ರಟ್ಟಾದ್ರೆ ಕೆಲ್ಸ ಹೋಗತ್ತೆ ಅಂತ ಎಷ್ಟೋ ಜನ ಟೆಸ್ಟಿಗೇ ಬರೋಕೆ ಹೆದರಿದ್ರು. ಆಗ ನಗರದ ಆಡಳಿತ ಏನ್ ಮಾಡ್ತು? ಹೆಸರು ಬೇಡಪ್ಪಾ, ಫೋನ್ ನಂಬರ್ ಸಾಕು ಅಂತು. ಜನ ಬಂದ್ರು! ಈ ಕಥೆ ಎಷ್ಟು ಸಲ ಹೇಳಿದ್ರೂ ನನಗೆ ಅದೇ ಖುಷಿ, ನನ್ನ ಸ್ಟೂಡೆಂಟ್ಸ್‌ಗೆ ಸಾಕಾಗಿದೆ. ನೋಡಿ, ಹೆದರಿದ ರೋಗಿ ಅಡಗ್ತಾನೆ, ಅಡಗಿದೋನು ಇನ್ನೂ ನಾಲ್ಕು ಜನಕ್ಕೆ ಅಂಟಿಸ್ತಾನೆ. ಅದಕ್ಕೇ ಜಾಗ, ಹೊತ್ತು, ಅಷ್ಟೇ.

ಅಯ್ಯೋ, ಟೈಮ್ ಆಯ್ತು ಅಂತ ಗ್ಲಾಸಿನಾಚೆಯಿಂದ ಕೈ ತೋರಿಸ್ತಿದಾರೆ. ಕೊರೋನಾ ಟೈಮಲ್ಲಿ ಯಾರ ಹತ್ತಿರ ಯಾರಿದ್ರು ಅಂತ ಗುರುತಿಡ್ತಿದ್ದ ಸಿಂಗಪುರದ ಟ್ರೇಸ್‌ಟುಗೆದರ್ ಆಪ್ ಬಗ್ಗೆ ಹೇಳೋದಿತ್ತು, ಡೇಟಾ ಸೋಂಕು ಪತ್ತೆಗೆ ಮಾತ್ರ ಅಂದಿದ್ದ ಅಲ್ಲಿನ ಸರ್ಕಾರದೋರು 2021ರ ಜನವರಿಯಲ್ಲಿ ಪೊಲೀಸರೂ ನೋಡ್ಬೋದು ಅಂತ ಒಪ್ಕೊಂಡ್ರು, ಜನ ಕೂಗಾಡಿದ್ಮೇಲೆ ಗಂಭೀರ ಅಪರಾಧಕ್ಕೆ ಮಾತ್ರ ಅಂತ ಕಾನೂನು ತಂದ್ರು. ನಿಮ್ಮ ಹತ್ರ ಯಾರಾದ್ರೂ ಹೀಗೆ ಮಾಹಿತಿ ತಗೊಂಡ್ರೆ ಯಾವಾಗ ಅಳಿಸ್ತೀರಿ ಅಂತ ಕೇಳಿ, ಸುಮ್ನೆ ಬರ್ಕೊಟ್ಟು ಬರಬೇಡಿ. ನಮಸ್ಕಾರ.