ಕೆಡಿಸಿದವರು ಕಟ್ಟಿಕೊಡಲಿ

ಕೇಳುಗರೆಲ್ಲರಿಗೂ ನಮಸ್ಕಾರ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆ ತೋಟದ ಕೆಲಸ ಮಾಡುತ್ತಲೇ ಇದನ್ನು ಕೇಳುತ್ತಿರುವವರಿಗೆ ಮೊದಲೇ ಹೇಳಿಬಿಡುತ್ತೇನೆ, ಹವಾಮಾನ ಕೆಟ್ಟಿದ್ದು ನಿಮ್ಮಿಂದ ಅಲ್ಲ. ಸಭೆಗೆ ಯಾರೋ ಬಂದು ಫ್ಯಾನ್ ಆರಿಸಿ, ಭೂಮಿ ಉಳಿಸಿ ಅಂತ ತೋಟದ ಕೂಲಿಯವರಿರುವ ಲೈನ್ ಮನೆಯವರಿಗೆ ಬುದ್ಧಿ ಹೇಳಿ ಹೋಗುತ್ತಾರಲ್ಲ, ಅದನ್ನು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಎರಡು ಬಲ್ಬಿನ ಮನೆಗೆ ಏನು ಉಪದೇಶ ಸ್ವಾಮಿ?

ಲೆಕ್ಕ ನೋಡಿ. ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ ಸುಟ್ಟು ಇದುವರೆಗೆ ಗಾಳಿಗೆ ಬಿಟ್ಟ ಕಾರ್ಬನ್ ಡೈಆಕ್ಸೈಡಿನಲ್ಲಿ ಸುಮಾರು ಕಾಲು ಭಾಗ ಅಮೆರಿಕ ಒಂದರದ್ದೇ. ಇಷ್ಟು ಜನ ಇರುವ ನಮ್ಮ ದೇಶದ್ದು ನೂರಕ್ಕೆ ಮೂರರಷ್ಟು. ಇವತ್ತಿಗೂ ಅಲ್ಲಿ ತಲೆಗೆ ವರ್ಷಕ್ಕೆ ಸುಮಾರು 14 ಟನ್, ಇಲ್ಲಿ 2 ಟನ್. ಈ ಹೊಗೆಯಿಂದಲೇ ಭೂಮಿ ಬಿಸಿಯಾಗುತ್ತಿದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ನೂರಕ್ಕೆ ಏಳರಷ್ಟು ಜಾಸ್ತಿ ನೀರಾವಿ ಹಿಡಿದುಕೊಳ್ಳುತ್ತದೆ, ಸುರಿದರೆ ಒಂದೇ ಸಲಕ್ಕೆ ಸುರಿಯುತ್ತದೆ. ಕಾಫಿ ಹೂ ಅರಳಿಸುವ ಹೂಮಳೆ ಹೊತ್ತಿಗೆ ಬರಲ್ಲ, ಬಂದರೂ ಆಮೇಲೆ ಕಾಯಿ ಕಚ್ಚಲು ಬೇಕಾದ ಬ್ಯಾಕಿಂಗ್ ಮಳೆ ಕೈಕೊಡುತ್ತದೆ, ಕಣದಲ್ಲಿ ಕಾಫಿ ಹರಡಿದ ಮೇಲೆ ಮೋಡ ಕಟ್ಟುತ್ತದೆ. 2019ರ ಆಗಸ್ಟಿನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಕಡೆ ಗುಡ್ಡ ಜಾರಿ ಮನೆ, ತೋಟ ಎರಡೂ ಹೋದವು. ಆ ನಷ್ಟ ಯಾರು ಹೊತ್ತರು? ಅಲ್ಲಿದ್ದವರೇ ಹೊತ್ತರು.

ಬೇರೆಯವರ ದನ ನಮ್ಮ ಗದ್ದೆಗೆ ನುಗ್ಗಿ ಪೈರು ಮೇಯ್ದರೆ ದೊಡ್ಡಿಗೆ ಹೊಡೆಯುತ್ತೇವೆ, ದನದ ಯಜಮಾನ ದಂಡ ಕಟ್ಟಿ ಬಿಡಿಸಿಕೊಂಡು ಹೋಗುತ್ತಾನೆ. ಇಲ್ಲೂ ಅದೇ ನ್ಯಾಯ. ಕೆಡಿಸಿದವರು ಕಟ್ಟಿಕೊಡಬೇಕು.

ಇದೆಲ್ಲ ಆಗುವ ಮಾತಾ ಅಂತೀರಿ, ಅಲ್ವಾ? ನಾನು ಕಾನೂನು ಪಾಠ ಮಾಡುವವನು, ಹುಡುಗರಿಗೆ ತಪ್ಪದೆ ಹೇಳುವ ಒಂದು ಕೇಸು ಇದೆ. ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ ವಾರಾಸ್ ಅಂತ ಊರು. ಅಲ್ಲಿ ಸೌಲ್ ಲುಸಿಯಾನೊ ಲಿಯುಯಾ ಅಂತ ಒಬ್ಬ ರೈತ, ಬೆಟ್ಟ ಹತ್ತುವವರಿಗೆ ದಾರಿ ತೋರಿಸುವ ಕೆಲಸವೂ ಉಂಟು. ಅವರ ಊರಿನ ಮೇಲೆ ಹಿಮದ ಬೆಟ್ಟ, ಅದರ ಬುಡದಲ್ಲಿ ಪಾಲ್ಕಾಕೋಚಾ ಅಂತ ಕೆರೆ. 1941ರಲ್ಲಿ ಅದೇ ಕೆರೆ ಒಡೆದು ಸಾವಿರಕ್ಕೂ ಹೆಚ್ಚು ಜನ ಸತ್ತಿದ್ದರು. ಈಗ ಹಿಮ ಕರಗಿ ಕೆರೆ ಮತ್ತೆ ಉಬ್ಬಿದೆ. ಈ ಮನುಷ್ಯ 2015ರಲ್ಲಿ ನೇರ ಜರ್ಮನಿಗೆ ಹೋಗಿ ಅಲ್ಲಿನ ದೊಡ್ಡ ವಿದ್ಯುತ್ ಕಂಪನಿ ಆರ್‌ಡಬ್ಲ್ಯೂಇ ಮೇಲೆ ದಾವೆ ಹೂಡಿದರು. ಆ ಕಂಪನಿ ಪೆರುವಿನಲ್ಲಿ ವಿದ್ಯುತ್ ಮಾಡಿದ್ದೇ ಇಲ್ಲ, ಆದರೂ ಹೊಗೆ ಬಂತಲ್ಲ! ಜಗತ್ತಿನ ಕಾರ್ಖಾನೆ ಹೊಗೆಯಲ್ಲಿ ಆ ಕಂಪನಿಯ ಪಾಲು ನೂರಕ್ಕೆ 0.47 ಅಂತ ಲೆಕ್ಕ ಹಾಕಿದ್ದರು. ಕೆರೆಯಿಂದ ಊರನ್ನು ಕಾಯುವ ಖರ್ಚಿನಲ್ಲಿ ಇವರು ಕೇಳಿದ್ದೂ ಅಷ್ಟೇ ಪಾಲು, ಸುಮಾರು 17 ಸಾವಿರ ಯೂರೋ. ಒಂದು ಪೈಸೆ ಜಾಸ್ತಿ ಕೇಳಲಿಲ್ಲ. ಕೆಳಗಿನ ಕೋರ್ಟು ವಜಾ ಮಾಡಿತು. ಹಾಮ್ ಊರಿನ ಮೇಲಿನ ಕೋರ್ಟು ಸಾಕ್ಷಿ ನೋಡೋಣ ಅಂದಿತು. 2022ರಲ್ಲಿ ಜರ್ಮನಿಯ ನ್ಯಾಯಾಧೀಶರು ಆ ಕೆರೆ ನೋಡಲು ಪೆರುವಿಗೇ ಬಂದರು, ಯೋಚನೆ ಮಾಡಿ! 2025ರ ಮೇ ತಿಂಗಳಲ್ಲಿ ತೀರ್ಪು ಬಂತು. ಅವರ ಮನೆಗೇ ನೀರು ನುಗ್ಗುವ ಅಪಾಯ ಸಾಲುವಷ್ಟು ಸಾಬೀತಾಗಲಿಲ್ಲ ಅಂತ ದಾವೆ ಬಿದ್ದುಹೋಯಿತು. ಆದರೆ ಅದೇ ತೀರ್ಪಿನಲ್ಲಿ ಕೋರ್ಟು ಹೇಳಿತು, ಹೊಗೆ ಬಿಟ್ಟ ಕಂಪನಿ ದೂರದ ದೇಶದ ಹಾನಿಗೂ ಹೊಣೆಯಾಗಬಹುದು ಅಂತ. ನನಗೆ ಆ ಸಾಲು ಸಾಕು.

ಸಮಯ ಕಡಿಮೆ ಇದೆ, ಉಳಿದದ್ದು ಬೇಗ ಹೇಳುತ್ತೇನೆ. 2022ರಲ್ಲಿ ಈಜಿಪ್ಟಿನಲ್ಲಿ ಸೇರಿದ ದೇಶಗಳು ಬಡ ದೇಶಗಳ ನಷ್ಟಕ್ಕೆ ಒಂದು ನಿಧಿ ಮಾಡೋಣ ಅಂದವು. ಮಾರನೇ ವರ್ಷ ಅದಕ್ಕೆ ಅಮೆರಿಕ ಕೊಡುತ್ತೇನೆ ಅಂದಿದ್ದು 1 ಕೋಟಿ 75 ಲಕ್ಷ ಡಾಲರ್. ಕಾಲು ಭಾಗ ಹೊಗೆ ಬಿಟ್ಟವರು ಕೊಡುವ ದುಡ್ಡಾ ಅದು? 2025ರ ಜುಲೈನಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯವೂ ಹೇಳಿದೆ, ಹವಾಮಾನ ಕಾಪಾಡುವ ಕರ್ತವ್ಯ ಮೀರಿದ ದೇಶ ಪರಿಹಾರ ಕೊಡಬೇಕಾಗಬಹುದು ಅಂತ. ಕೆಡಿಸಿದವರು ಕಟ್ಟಿಕೊಡಬೇಕು, ನಾನು ಹೇಳುವುದೂ ಅದೇ. ಇನ್ನು ನಮ್ಮಲ್ಲೇ ಗುಡ್ಡ ಕೊರೆದು ರೆಸಾರ್ಟ್ ಕಟ್ಟುವವರಿಗೂ ಈ ಮಾತು ಅನ್ವಯಿಸುತ್ತದೆ, ಅವರನ್ನೂ ಬಿಡಬೇಡಿ.

ಆ ರೈತ ಸೋತದ್ದು ಸಾಕ್ಷಿಯಲ್ಲಿ. ಹಾಗಾಗಿ ಒಂದು ಕೆಲಸ ಮಾಡಿ. ತೋಟದವರು ತಲೆಮಾರುಗಳಿಂದ ಮಳೆಯನ್ನು ಇಂಚಿನ ಲೆಕ್ಕದಲ್ಲಿ ಬರೆದಿಟ್ಟಿದ್ದೀರಿ, ಆ ಹಳೇ ಪುಸ್ತಕಗಳನ್ನು ಸುಮ್ನೆ ರದ್ದಿಗೆ ಹಾಕಬೇಡಿ. ಗುಡ್ಡ ಜಾರಿದ ತಾರೀಕು, ಕಾಯಿ ಉದುರಿದ ತಾರೀಕು, ಫೋಟೋ ಎಲ್ಲಾ ಇಡಿ. ಮಳೆಯಿಂದ ಕೂಲಿಯವರಿಗೆ ಎಷ್ಟು ದಿನ ಕೆಲಸ ತಪ್ಪಿತು ಅನ್ನುವುದನ್ನೂ ಬರೆಯಿರಿ, ಯಾಕೆಂದರೆ ಆ ನಷ್ಟವನ್ನು ಯಾವ ಕಚೇರಿಯವರೂ ಬಂದು ಬರೆದುಕೊಳ್ಳುವುದಿಲ್ಲ. ಈ ವಾರವೇ ಶುರು ಮಾಡಿ. ನಮಸ್ಕಾರ.